ನಿಂತ ಮೇಲೂ ಉರಿಯುವ ಲೈಟು

ಚೌಡನಹುಂಡಿ, ಗುಂಡ್ಲುಪೇಟೆ ತಾಲ್ಲೂಕು
12 ಜೂನ್ 2023

ಪ್ರೀತಿಯ ರಘು ಮಾವನಿಗೆ ಮಾನಸಳ ನಮಸ್ಕಾರ.

ಈ ಕಾಗದ ಅರ್ಧ ಅಪ್ಪನದು, ಅರ್ಧ ನನ್ನದು. ನಿಮ್ಮ ಕಿವಿ ಪೂರ್ತಿ ಹೋದ ಮೇಲೆ ಫೋನು ದಂಡ. ವಾಟ್ಸಾಪ್ ಕಲಿಯಿರಿ ಎಂದರೆ ಗ್ರೀಸ್ ಬೆರಳಿಗೆ ಗಾಜು ಒಗ್ಗಲ್ಲ ಎನ್ನುತ್ತೀರಿ. ಈ ಕಾಲದಲ್ಲಿ ಸೋದರಮಾವನಿಗೆ ಅಂಚೆಯಲ್ಲಿ ಕಾಗದ ಹಾಕುವವಳು ಇಡೀ ತಾಲ್ಲೂಕಿಗೆ ನಾನೊಬ್ಬಳೇ ಇರಬೇಕು. ಪುಣ್ಯಕ್ಕೆ ಪಂಚಾಯಿತಿ ಲೈಬ್ರರಿ ಕೆಲಸ ಸಿಕ್ಕ ಮೇಲೆ ಕೂತು ಬರೆಯಲು ಒಂದು ಮೇಜಾದರೂ ಇದೆ.

ಮೊದಲು ಅಪ್ಪನ ದೂರು. ಹೋದ ವರ್ಷ ನೀವು ಸೈಕಲ್ಲಿನ ಲೈಟಿಗೆ ಹಾಕಿಕೊಟ್ಟ ಡೈನಮೋ ಈ ಮಳೆಯಲ್ಲಿ ಕೈಕೊಟ್ಟಿದೆ. ಡೇರಿಗೆ ಹೋಗುವ ದಾರಿ ನಿಮಗೆ ಗೊತ್ತಲ್ಲ. ಐದು ಕಿಲೋಮೀಟರಿನಲ್ಲಿ ಮೂರು ಕಿಲೋಮೀಟರ್ ದಾರಿಯೇ ಅಲ್ಲ, ಬರೀ ಕಲ್ಲು, ಕೊರಕಲು. ಆನೆ ಬಾರದಿರಲೆಂದು ತೋಡಿದ ಕಂದಕದ ಹತ್ತಿರ ಸೈಕಲ್ ಎತ್ತಿಕೊಂಡೇ ದಾಟಬೇಕು, ಅದಕ್ಕೇ ಮೊಪೆಡ್ ಆಗುವುದಿಲ್ಲ. ಬೆಳಗಿನ ಐದಕ್ಕೆ ಎರಡು ಕ್ಯಾನ್ ಹಾಲು ನೇತುಹಾಕಿಕೊಂಡು ಅಪ್ಪ ಹೊರಡಬೇಕು. ಅವನ ಮಾತನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ:

"ಬಾವನ್ಗೆ ಬರಿಯಮ್ಮಿ, ನಿನ್ ಡೈನಮೋ ಕೆಸ್ರು ಕಂಡ್ರೆ ಮುನಿಸ್ಕತದೆ ಅಂತ. ಕಲ್ ಮ್ಯಾಲೆ ನಿಧಾನುಕ್ಕೆ ತುಳುದ್ರೆ ಮಿಣಿ ಮಿಣಿ ಅಂತದೆ. ಇಳಿಜಾರಲ್ಲಿ ಬ್ಯಾಡ ಅಂದ್ರೂ ಬೆಳಗ್ತದೆ. ಬೇಕಾದಾಗ ಇಲ್ಲ, ಬ್ಯಾಡ್ದಾಗ ಅದೆ."

ಮೊನ್ನೆ ಕುಲುಕಿಗೆ ಕ್ಲ್ಯಾಂಪು ಸಡಿಲವಾಗಿ ಡೈನಮೋ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು. ಅಪ್ಪ ಕ್ಯಾನ್ ಸಮೇತ ಬಿದ್ದ. ಮೊಣಕೈ ತರಚಿಹೋಗಿದೆ. ಅದನ್ನು ಬರೆಯಬೇಡ ಎಂದ, ಅದಕ್ಕೇ ಬರೆದೆ.

ಈಗ ಅಪ್ಪ ಎಮ್ಮೆ ನೋಡಲು ಎದ್ದುಹೋಗಿದ್ದಾನೆ, ಇನ್ನು ಮುಂದಿನದು ನನ್ನದು. ಜೋಳ ಹಾಲುಗಟ್ಟುವ ಕಾಲಕ್ಕೆ ಆನೆಗಳು ಹೊಲಕ್ಕೆ ಬಂದು ಬೆಳಗಿನ ಜಾವ ಕಾಡಿಗೆ ತಿರುಗುತ್ತವೆ. ದಾರಿಯಲ್ಲಿ ಎದುರಾದರೆ ಇಲ್ಲಿಯವರೆಲ್ಲ ಮಾಡುವುದು ಒಂದೇ. ಸೈಕಲ್ ಇಳಿದು, ಬೆಲ್ಲು ಅಲ್ಲಾಡದಂತೆ ಹಿಡಿದು, ಅದು ದಾಟುವ ತನಕ ಕಲ್ಲಿನ ಹಾಗೆ ನಿಲ್ಲುವುದು. ಚಕ್ರ ನಿಂತ ಕೂಡಲೇ ಲೈಟು ಆರುತ್ತದೆ. ಆಮೇಲೆ ಅಪ್ಪ ಕಗ್ಗತ್ತಲಲ್ಲಿ, ಎದುರಿಗೆ ಆನೆ ಇಟ್ಟುಕೊಂಡು ನಿಂತಿರುತ್ತಾನೆ. ಇದನ್ನು ಅವನು ನಗುತ್ತಾ ಹೇಳುತ್ತಾನೆ, ನನಗೆ ಊಟ ಸೇರುವುದಿಲ್ಲ. ಮಾವ, ನಿಂತ ಮೇಲೂ ಉರಿಯುವ ಹಾಗೆ ಏನಾದರೂ ಮಾಡಿಕೊಡಿ. ನಾನು ಕೇಳಿದೆ ಎಂದು ಅಪ್ಪನಿಗೆ ಗೊತ್ತಾಗುವುದು ಬೇಡ.

ಅವ್ವ ನಿಮ್ಮನ್ನು ವಿಚಾರಿಸಿದ್ದಾಳೆ. ಅಣ್ಣ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎಂಬುದು ಅವಳ ಚಿಂತೆ.

ನಿಮ್ಮ
ಮಾನಸ


ಚಾಮರಾಜನಗರ
28 ಜೂನ್ 2023

ಭಾವನಿಗೆ ನಮಸ್ಕಾರ, ಮಾನಸಳಿಗೆ ಆಶೀರ್ವಾದ, ತಂಗಿ ಮಂಚಮ್ಮನಿಗೆ ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆಂಬ ಸುಳ್ಳು.

ಭಾವ, ಡೈನಮೋ ಮುನಿಸಿಕೊಳ್ಳುವುದಿಲ್ಲ, ಜಾರುತ್ತದೆ. ಟೈರಿಗೆ ತಲೆ ಒತ್ತಿಕೊಂಡು ತಿರುಗುವ ವಸ್ತು ಅದು. ಟಾರು ರಸ್ತೆಗೆ ಸರಿ, ಕೆಸರಿನಲ್ಲಿ ಹಿಡಿತ ಸಿಗುವುದಿಲ್ಲ. ನಿನ್ನ ದಾರಿಗೆ ಅದನ್ನು ಹಾಕಿದ್ದೇ ನನ್ನ ತಪ್ಪು. ಮೊಣಕೈ ವಿಷಯ ತಿಳಿಯಿತು, ಯಾರು ಹೇಳಿದರೆಂದು ಹೇಳುವುದಿಲ್ಲ.

ಈಗ ಹೊಸ ಸಮಾಚಾರ. ಮೈಸೂರಿನ ಗುಜರಿಯಲ್ಲಿ ಒಂದು ಮುಂದಿನ ಚಕ್ರ ಸಿಕ್ಕಿತು. ಸೈಕಲ್ಲಿನಲ್ಲಿ ಊಟಿಗೆ ಹೊರಟಿದ್ದ ಪ್ರವಾಸಿಯೊಬ್ಬ ರಿಮ್ಮು ಸೊಟ್ಟಗಾಗಿ ಬಿಟ್ಟುಹೋದದ್ದಂತೆ. ಅದರ ನಡುವಿನ, ಕಡ್ಡಿಗಳೆಲ್ಲ ಸೇರುವ ಹಬ್ಬಿನ ಹೊಟ್ಟೆಯೊಳಗೇ ಡೈನಮೋ ಇದೆ. ಟೈರಿಗೂ ಅದಕ್ಕೂ ಸಂಬಂಧವಿಲ್ಲ, ಕೆಸರು ಬರಲಿ, ಮರಳು ಬರಲಿ, ಅದರ ಪಾಡಿಗೆ ಅದು. ಸೊಟ್ಟ ರಿಮ್ಮು ಎಸೆದು ನಮ್ಮ ಇಪ್ಪತ್ತೆಂಟು ಇಂಚಿನ ರಿಮ್ಮಿಗೆ ಹೊಸ ಕಡ್ಡಿ ಕಟ್ಟಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಚಕ್ರ ತಿರುಗಿಸಿದಾಗ ಹಬ್ಬಿನ ಮೇಲೆ ಬೆರಳಿಟ್ಟರೆ ಒಳಗೆ ಸಣ್ಣಗೆ ಕಂಪಿಸುವುದು ಗೊತ್ತಾಗುತ್ತದೆ. ಕಿವಿ ಹೋದವನಿಗೆ ಇದೇ ಸಂಗೀತ.

ಲೈಟು ಎಲ್‌ಇಡಿ. ಹಳೆಯ ಬಲ್ಬಿನೊಳಗಿನ ತಂತಿ ಕಲ್ಲಿನ ಕುಲುಕಿಗೆ ತುಂಡಾಗುತ್ತಿತ್ತು, ಇದರಲ್ಲಿ ಅಂಥದ್ದಿಲ್ಲ. ನಡೆದುಕೊಂಡು ತಳ್ಳಿದರೂ ನಾಲ್ಕು ಮಾರು ದಾರಿ ಕಾಣುತ್ತದೆ. ಫೋರ್ಕು ತಿರುಗುವ ಕಡೆ ಬರುವ ತಂತಿಯನ್ನು ಸುರುಳಿ ಮಾಡಿದ್ದೇನೆ, ಹಳೆ ಟ್ಯೂಬಿನ ಪಟ್ಟಿಯಲ್ಲಿ ಬಿಗಿದುಕೊ. ಎಲ್ಲ ಜೋಡಣೆಯೂ ಬೆಸುಗೆ.

ಇನ್ನೊಂದು. ಲೈಟಿನ ಹಿಂದೆ ಸುಣ್ಣದ ಡಬ್ಬಿಯಷ್ಟು ಪೆಟ್ಟಿಗೆ ಕಾಣುತ್ತದೆ, ಅದರೊಳಗೆ ಕೆಪಾಸಿಟರ್ ಇಟ್ಟಿದ್ದೇನೆ. ತುಳಿಯುವಾಗ ಅದು ಸ್ವಲ್ಪ ಕರೆಂಟು ಕೂಡಿಟ್ಟುಕೊಂಡು, ನಿಂತ ಮೇಲೆ ಬಿಡುತ್ತದೆ. ಭಾವ, ನೀನು ಇನ್ನು ಕತ್ತಲಲ್ಲಿ ನಿಲ್ಲಬೇಕಾಗಿಲ್ಲ. ಸ್ವಿಚ್ಚು ಮಾತ್ರ ಹುಡುಕಬೇಡ. ಕಲ್ಲು ದಾರಿಯ ಸೈಕಲ್ಲಿನಲ್ಲಿ ಮೊದಲು ಕೆಡುವುದೇ ಸ್ವಿಚ್ಚು. ಅದರ ಸಂದಿಯಲ್ಲೇ ನೀರಿಳಿಯುತ್ತದೆ, ಅದರ ಕಾಲೇ ಮುರಿಯುತ್ತದೆ. ಮೂವತ್ತು ವರ್ಷದ ಸೈಕಲ್ ಅಂಗಡಿಯಲ್ಲಿ ನಾನು ಕಲಿತದ್ದೆಂದರೆ ಒರಟು ದಾರಿಗೆ ಹೋಗುವ ಗಾಡಿಯಲ್ಲಿ ಸಾಮಾನು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಶುಕ್ರವಾರದ ಬಸ್ಸಿನಲ್ಲಿ ಚಕ್ರ, ಲೈಟು ಎರಡೂ ಗುಂಡ್ಲುಪೇಟೆಗೆ ಬರುತ್ತವೆ. ಕಂಡಕ್ಟರಿಗೆ ಹೇಳಿದ್ದೇನೆ, ಅಂದರೆ ಬರೆದು ತೋರಿಸಿದ್ದೇನೆ.

ಇಂತಿ
ರಘುನಾಥ


ಚೌಡನಹುಂಡಿ
20 ಆಗಸ್ಟ್ 2023

ರಘು ಮಾವ,

ನಿಮ್ಮ ಚಕ್ರ ಬಂದ ದಿನ ಅಪ್ಪ ಡೇರಿಗೆ ಹೋಗುವ ಮೊದಲು ಅಂಗಳದಲ್ಲೇ ಐದು ಸುತ್ತು ಹಾಕಿದ. "ಮದ್ವೆ ಗಂಡು ಒಂಟದೆ ನೋಡು" ಅಂತ ಅವ್ವ ನಕ್ಕಳು. ಈ ಎರಡು ತಿಂಗಳಲ್ಲಿ ಒಂದು ದಿನವೂ ಬಿದ್ದಿಲ್ಲ, ಹಾಲು ಚೆಲ್ಲಿಲ್ಲ. ಕೊರಕಲು ಇಳಿಯುವಾಗ ಯಾವ ಕಲ್ಲು ಎಲ್ಲಿದೆ ಎಂದು ಮೊದಲೇ ಕಾಣುತ್ತದಂತೆ. ಹಿಂದಿನಿಂದ ಸೈಕಲ್ಲಿನಲ್ಲಿ ಹಾಲು ತರುವ ರಾಜಣ್ಣನಿಗೆ ಬೇರೆ ಲೈಟೇ ಬೇಡ, ಅಪ್ಪನ ಬೆಳಕು ಹಿಡಿದುಕೊಂಡೇ ಬರುತ್ತಾನೆ.

ಊರಲ್ಲಿ ಎಲ್ಲರೂ ಅಪ್ಪನನ್ನು ನಿಲ್ಲಿಸಿ ನೋಡುತ್ತಾರೆ. ಅಪ್ಪ ಇಳಿದು, ಕೈಕಟ್ಟಿ, ಲೈಟು ಉರಿಯುತ್ತಲೇ ಇರುವುದನ್ನು ತೋರಿಸುತ್ತಾನೆ. ಐದು ನಿಮಿಷವಾದರೂ ಆರುವುದಿಲ್ಲ. ನಿನ್ನೆ ನನ್ನನ್ನು ಕೇಳಿದ, "ಇದ್ಕೆ ಸಾಕು ಅಂತ ಏಳೋದು ಎಂಗೆ ಕಣಮ್ಮಿ?" ಬಿದ್ದು ಬಿದ್ದು ನಕ್ಕೆವು.

ನಾನೀಗ ಬೆಳಿಗ್ಗೆ ಅಪ್ಪ ಹೋದ ಮೇಲೆ ಮತ್ತೆ ಮಲಗುತ್ತೇನೆ ಮಾವ. ಇಷ್ಟು ದಿನ ಆಗುತ್ತಿರಲಿಲ್ಲ. ಇದಕ್ಕೆ ನಿಮಗೆ ಏನು ಹೇಳಬೇಕೋ ತಿಳಿಯದು.

ಮಾನಸ


ಚಾಮರಾಜನಗರ
26 ಡಿಸೆಂಬರ್ 2023

ಮಗು ಮಾನಸ,

ಹನ್ನೊಂದರ ಕಾರ್ಯ ಮುಗಿಸಿ ಬಂದು ಐದು ದಿನವಾಯಿತು. ಅಂಗಡಿ ತೆಗೆಯುತ್ತೇನೆ, ಕೂರುತ್ತೇನೆ, ಮುಚ್ಚುತ್ತೇನೆ. ಭಾವ ಇಲ್ಲ ಎಂದು ಬರೆಯಲು ಕೈ ಬರುವುದಿಲ್ಲ, ಬರೆದರೆ ನಿಜವಾಗಿಬಿಡುತ್ತದೆ ಎನಿಸುತ್ತದೆ. ಈಗ ಬರೆದೇಬಿಟ್ಟೆ ನೋಡು.

ನಿಮ್ಮ ಮನೆಯಲ್ಲಿ ಅಷ್ಟು ಜನ ಮಾತಾಡುತ್ತಿದ್ದರು. ನನಗೆ ಬಾಯಿಗಳು ಅಲ್ಲಾಡುವುದು ಕಂಡಿತು, ಅಷ್ಟೇ. ಆನೆ ಎಂಬುದು ತಿಳಿಯಿತು. ಕಂದಕದ ಈಚೆ, ಜೋಳದ ಹೊಲದ ತಿರುವು ಎಂಬುದು ತಿಳಿಯಿತು. ಉಳಿದದ್ದನ್ನು ಯಾರನ್ನು ಕೇಳಲಿ? ಅಂಥ ಹೊತ್ತಿನಲ್ಲಿ ಹಾಳೆ ಪೆನ್ನು ಕೊಟ್ಟು ಬರೆದು ತೋರಿಸಿ ಎನ್ನಲು ನಾಚಿಕೆಯಾಯಿತು. ಮಂಚಮ್ಮನ ಪಕ್ಕ ಕೂತಿದ್ದೆ. ಅವಳು ಅಳುವುದು ಕೂಡ ನನಗೆ ಕೇಳಿಸಲಿಲ್ಲ, ಅವಳ ಬೆನ್ನಿನ ಮೇಲೆ ಕೈಯಿಟ್ಟಾಗ ಗೊತ್ತಾಯಿತು.

ಸೈಕಲ್ಲನ್ನು ಕೊಟ್ಟಿಗೆಗೆ ಒರಗಿಸಿದ್ದರಲ್ಲ, ಹೋಗಿ ನೋಡಿದೆ. ಮುಂದಿನ ಚಕ್ರ ಮಡಿಸಿದ ಹಾಗಾಗಿತ್ತು. ಅಂದಿನಿಂದ ಒಂದೇ ಯೋಚನೆ. ಲೈಟು ಕೈಕೊಟ್ಟಿತೇ? ತಂತಿ ಕಳಚಿತ್ತೇ? ಬೆಸುಗೆ ಬಿಟ್ಟಿತ್ತೇ? ಅವತ್ತು ಭಾವನಿಗೆ ದಾರಿ ಕಾಣಿಸಲಿಲ್ಲವೇ? ನಿನಗೆ ಗೊತ್ತಿದ್ದರೆ, ಬರೆಯುವ ಶಕ್ತಿ ಬಂದಾಗ ಬರೆ. ಅವಸರವಿಲ್ಲ.

ಅವ್ವನ ಜೊತೆಯಲ್ಲೇ ಮಲಗು.

ರಘುನಾಥ


ಚೌಡನಹುಂಡಿ
4 ಫೆಬ್ರವರಿ 2024

ರಘು ಮಾವ,

ಉತ್ತರ ತಡವಾಯಿತು. ಪ್ರತಿದಿನ ಹಾಳೆ ತೆಗೆಯುತ್ತಿದ್ದೆ. ಅಪ್ಪ ಹೇಳುವ ಅರ್ಧ ಇಲ್ಲದೆ ಕಾಗದ ಶುರುವಾಗುತ್ತಿರಲಿಲ್ಲ.

ಲೈಟು ಕೈಕೊಡಲಿಲ್ಲ ಮಾವ. ಆ ಯೋಚನೆ ಬಿಡಿ. ರಾಜಣ್ಣ ಹತ್ತಿರ ಹೋದಾಗ, ಬಿದ್ದ ಸೈಕಲ್ಲಿನ ಲೈಟು ಇನ್ನೂ ಉರಿಯುತ್ತಿತ್ತಂತೆ. ಆ ಬೆಳಕಿನಲ್ಲೇ ಅಪ್ಪನನ್ನು ನೋಡಿದನಂತೆ. ಅದಕ್ಕಿಂತ ಹೆಚ್ಚು ಅವನು ಹೇಳುವುದಿಲ್ಲ. ಕೇಳಿದರೆ ಎದ್ದುಹೋಗುತ್ತಾನೆ.

ಅವ್ವ ಎಮ್ಮೆ ಮಾರುವುದಿಲ್ಲ ಎಂದಿದ್ದಾಳೆ. ಬೆಳಿಗ್ಗೆ ಐದಕ್ಕೆ ಕ್ಯಾನ್ ತೊಳೆದು ಬಾಗಿಲಿಗೆ ಇಡುತ್ತಾಳೆ, ಆಮೇಲೆ ಅಲ್ಲೇ ಕೂತಿರುತ್ತಾಳೆ. ರಾಜಣ್ಣ ಬಂದು ಒಯ್ಯುತ್ತಾನೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಅವತ್ತು ಇದ್ದದ್ದು ಅಪ್ಪನ ಲೈಟು ಒಂದೇ, ಇನ್ನೆರಡು ಬೆಳಕು ಇದ್ದಿದ್ದರೆ ತಿರುವಿಗೆ ಮುಂಚೆಯೇ ಆನೆ ಕಾಣಿಸುತ್ತಿತ್ತು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಆ ದಾರಿಯಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವವರು ನಾಲ್ಕು ಜನ. ರಾಜಣ್ಣ, ಹುರುಳಿ ಹೊಲದ ಕಾವಲಿನ ಪುಟ್ಟಮಾದು, ಕಾಲೇಜಿನ ಮೊದಲ ಬಸ್ಸು ಹಿಡಿಯುವ ಶಿವರಂಜಿನಿ, ಇನ್ನು ವಾರಕ್ಕೆರಡು ದಿನ ನಾನು. ನಮಗೂ ಅಪ್ಪನಿಗೆ ಮಾಡಿಕೊಟ್ಟಂಥದ್ದೇ ಮಾಡಿಕೊಡಿ. ನಿಂತ ಮೇಲೂ ಉರಿಯಬೇಕು.

ಮಾನಸ


ಚಾಮರಾಜನಗರ
1 ಮಾರ್ಚ್ 2024

ಮಾನಸಳಿಗೆ,

ನಾಲ್ಕು ಲೈಟು ಕಳಿಸಿದ್ದೇನೆ. ಹಬ್ಬಿನ ಡೈನಮೋ ಮತ್ತೆ ಸಿಗಲಿಲ್ಲ, ಟೈರಿಗೆ ಒತ್ತುವ ಡೈನಮೋವನ್ನೇ ದಪ್ಪ ಕ್ಲ್ಯಾಂಪಿನಲ್ಲಿ, ಜಾರದ ರಬ್ಬರ್ ಟೋಪಿ ಹಾಕಿ ಕೂರಿಸಿದ್ದೇನೆ. ಕ್ಲ್ಯಾಂಪಿನ ನಟ್ಟನ್ನು ಪುಟ್ಟಮಾದುವಿನ ಕೈಲಿ ಒಮ್ಮೆ ಬಿಗಿಸು. ಹಿಂದಿನ ಪೆಟ್ಟಿಗೆ, ಬೆಸುಗೆ ಎಲ್ಲ ಭಾವನದರಂತೆಯೇ. ಆರು ನಿಮಿಷ ಉರಿಯುತ್ತದೆ.

ಲೈಟು ಉರಿಯುತ್ತಿತ್ತು ಎಂದು ನೀನು ಬರೆದದ್ದನ್ನು ದಿನಕ್ಕೊಮ್ಮೆ ಓದುತ್ತೇನೆ. ನನ್ನ ಕೈ ಭಾವನಿಗೆ ಮೋಸ ಮಾಡಲಿಲ್ಲವಲ್ಲ ಎಂದುಕೊಳ್ಳುತ್ತೇನೆ.

ರಘುನಾಥ


ಚೌಡನಹುಂಡಿ
8 ಸೆಪ್ಟೆಂಬರ್ 2024

ರಘು ಮಾವ,

ಅಪ್ಪನ ವರ್ಷದ ತಿಥಿ ನವೆಂಬರ್ 29ಕ್ಕೆ ಬೀಳುತ್ತದೆ. ಇಲ್ಲಿ ತಿಥಿಗೆ ಬಂದವರಿಗೆ ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆ ಕೊಡುವುದು ರೂಢಿ. ನಾನು ಅವ್ವನಿಗೆ ತಟ್ಟೆ ಬೇಡ, ಲೈಟು ಕೊಡೋಣ ಎಂದೆ. ಅವ್ವ ಒಪ್ಪಿದಳು. ಪಕ್ಕದ ಊರಿನವರೂ ಸೇರಿ ಹತ್ತು ಜನ ಸೈಕಲ್ಲಿನವರಿದ್ದಾರೆ. ಹತ್ತು ಲೈಟು ಬೇಕು. ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು ಹಾಕಿ "ಚಿಕ್ಕಯ್ಯನವರ ನೆನಪಿಗೆ" ಎಂದು ಕೆತ್ತಿಸಲು ಆಗುತ್ತದೆಯೇ?

ಇನ್ನೊಂದು ವಿಷಯ ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ನಿಮಗೆ ಬರೆಯುತ್ತಿದ್ದೇನೆ. ಮೊನ್ನೆ ಗೌರಿ ಹಬ್ಬದ ದಿನ ರಾಜಣ್ಣ ನಮ್ಮ ಜಗಲಿಗೆ ಬಂದು ಕೂತ. ಅವ್ವ ಪಾಯಸ ಕೊಟ್ಟಳು. ಲೋಟ ಹಿಡಿದುಕೊಂಡೇ ಅಳಲು ಶುರುಮಾಡಿದ. ಒಂಬತ್ತು ತಿಂಗಳಾದ ಮೇಲೆ ಬಾಯಿಬಿಟ್ಟ:

"ನಾ ಇಂದ್ಗಡೆ ಇದ್ದಿ ಕಣವ್ವ. ಅದು ಜ್ವಾಳದ ಒಲ್ದಿಂದ ಬಂದು ದಾರೀಲೇ ನಿಂತಿತ್ತು. ಅಣ್ಣ ಇಳುದ್ಬುಟ್ಟು, ಯಾವಾಗ್ಲೂ ನಿಲ್ಲಂಗೇ ನಿಂತ್ಕಂಡ. ಅದೂ ಸುಮ್ನೆ ನಿಂತಿತ್ತು. ಆಮ್ಯಾಕೆ ಅಣ್ಣ ಎಗಲ್ ಮ್ಯಾಲಿನ್ ಟವಲ್ ತಗುದು ಮುಂದ್ಕೆ ಬೀಸ್ಬುಟ್ಟ. ಯಾಕಂಗ್ ಮಾಡ್ದ ಅಂತ ಇವತ್ಗೂ ಗೊತ್ತಾಗ್ನಿಲ್ಲ. ಬೀಸ್ಬಾರ್ದಾಗಿತ್ತು."

ಈಗ ಊರೆಲ್ಲ ಇದೇ ಮಾತು. ಚಿಕ್ಕಯ್ಯ ಆನೆಗೆ ಟವಲ್ ಬೀಸಿದನಂತೆ, ಅದಕ್ಕೆ ಬಂತಂತೆ. ನಮಗೆಲ್ಲ ಉಸಿರು ಬಿಡದೆ ನಿಲ್ಲುವುದನ್ನು ಕಲಿಸಿದವನೇ ಅಪ್ಪ. ಐದನೇ ಕ್ಲಾಸಿನಲ್ಲಿದ್ದಾಗ ನನ್ನ ತಲೆಯ ಮೇಲೆ ಕೈಯಿಟ್ಟು, ಕಾಲು ಗಂಟೆ ಅಲ್ಲಾಡದೆ ನಿಲ್ಲಿಸಿದ್ದ. ಅವನು ಟವಲ್ ಬೀಸುತ್ತಾನೆಯೇ ಮಾವ? ಹೆದರಿದನೇ? ಬುದ್ಧಿಗೆಟ್ಟನೇ? ಸತ್ತದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ. ಅವ್ವ ಆವತ್ತಿನಿಂದ ರಾಜಣ್ಣನ ಹತ್ತಿರ ಮಾತಾಡುತ್ತಿಲ್ಲ.

ಲೈಟಿನ ವಿಷಯ ಬೇಗ ತಿಳಿಸಿ. ಜೋಳ ಹಾಲುಗಟ್ಟುವುದಕ್ಕೆ ಇನ್ನು ಹೆಚ್ಚು ದಿನವಿಲ್ಲ.

ಮಾನಸ


ಚಾಮರಾಜನಗರ
13 ಸೆಪ್ಟೆಂಬರ್ 2024

ಮಾನಸ,

ನಿನ್ನೆ ಪಕ್ಕದ ಹೊಲಿಗೆ ಅಂಗಡಿಯ ಪ್ರಿಯಾಂಕಳ ಕೈಲಿ ನಿನಗೆ ಫೋನು ಮಾಡಿಸಿದೆ. ನಾಲ್ಕು ಲೈಟನ್ನೂ ಈಗಲೇ ಬಿಚ್ಚಿಡಿ, ಯಾರೂ ತುಳಿಯಬೇಡಿ, ಕಾರಣ ಕಾಗದದಲ್ಲಿ ಬರುತ್ತದೆ ಎಂದು ಹೇಳಿಸಿದೆ. ಬಿಚ್ಚಿದ್ದೇವೆ ಎಂದು ನೀನು ಹೇಳಿದ್ದನ್ನು ಅವಳು ಬರೆದು ತೋರಿಸಿದ ಮೇಲೆ ಈ ಕಾಗದ ಬರೆಯಲು ಕೂತೆ. ಇದು ಮೂರನೆಯದು, ಹಿಂದಿನ ಎರಡು ಹರಿದೆ.

ನಿಮ್ಮಪ್ಪ ಟವಲ್ ಬೀಸಲಿಲ್ಲ. ಲೈಟನ್ನು ಮುಚ್ಚಲು ಹೋದ.

ನಿನ್ನ ಕಾಗದ ಓದುತ್ತಾ ರಾಜಣ್ಣನ ಮಾತಿಗೆ ಬಂದಾಗ ಓದು ನಿಲ್ಲಿಸಿ ಎದ್ದೆ. ಅಂಗಡಿಯ ಬಾಗಿಲು ಎಳೆದುಕೊಂಡೆ. ಅಂಥದ್ದೇ ಒಂದು ಲೈಟು ಸಿಕ್ಕಿಸಿ, ಚಕ್ರ ತಿರುಗಿಸಿ, ನಿಲ್ಲಿಸಿದೆ. ಎದುರಿಗೆ ನಿಂತುಕೊಂಡೆ. ಉರಿಯಿತು, ಉರಿಯಿತು, ಉರಿಯುತ್ತಲೇ ಇತ್ತು. ಹೆಗಲಿನ ಟವಲ್ ತೆಗೆದು ಮೇಲೆ ಹಾಕಿದೆ. ಟವಲಿನೊಳಗಿಂದಲೂ ಬೆಳಕು ಬಂತು. ಕೈಯಲ್ಲಿ ಅದುಮಿದೆ, ಬೆರಳ ಸಂದಿಯಿಂದ ಬಂತು. ಆರಿಸಲು ಏನೂ ಇಲ್ಲ. ಸ್ವಿಚ್ಚು ಇಟ್ಟಿರಲಿಲ್ಲವಲ್ಲ. ಅದು ಆರುವ ತನಕ ಅದನ್ನೇ ನೋಡುತ್ತಾ ನಿಂತೆ. ಇಂಥ ಬೆಳಕು ಹಿಡಿದುಕೊಂಡೇ ಭಾವ ಆನೆಯ ಮುಂದೆ ನಿಂತಿದ್ದ.

ನೀವೆಲ್ಲ ಇಳಿದು ನಿಲ್ಲುತ್ತೀರಿ. ಚಕ್ರ ನಿಲ್ಲುತ್ತದೆ, ಬೆಳಕು ಹೋಗುತ್ತದೆ, ಮನುಷ್ಯ ಕತ್ತಲಲ್ಲಿ ಸೇರಿಹೋಗುತ್ತಾನೆ. ಲೈಟು ಆರುವುದೂ ಆ ನಿಲ್ಲುವುದರ ಒಂದು ಭಾಗವಾಗಿತ್ತು. ಯಾರೂ ಕೈಯಿಂದ ಆರಿಸಿದ್ದಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಅದು ಬರಲಿಲ್ಲ. ಪೇಟೆಯಲ್ಲಿ ಕೂತ ನನಗಂತೂ ಅದು ಡೈನಮೋದ ದೋಷವಾಗಿ ಕಂಡಿತು. ದೋಷವನ್ನು ಸರಿಮಾಡಿದೆ ಎಂದು ಬೀಗಿದೆ. ಸ್ವಿಚ್ಚು ಬೇಡ ಎಂದು ಪಾಠ ಬೇರೆ ಹೇಳಿದೆ.

ಆನೆ ಬೆಳಕಿಗೇ ಬಂತೋ, ಟವಲಿಗೆ ಬಂತೋ, ಅದರ ಮನಸ್ಸಿಗೆ ಬಂದು ಬಂತೋ ನಾನು ಆಣೆ ಮಾಡಿ ಹೇಳಲಾರೆ. ಆದರೆ ಬೆಳಕೇ ಅಪಾಯ ಎಂದು ನಿಮ್ಮಪ್ಪನಿಗೆ ಆ ಗಳಿಗೆಯಲ್ಲಿ ಗೊತ್ತಾಗಿತ್ತು. ಆತ ಹೆದರಲಿಲ್ಲ, ಬುದ್ಧಿಗೆಡಲಿಲ್ಲ. ಮಾಡಬೇಕಾದದ್ದನ್ನೇ ಮಾಡಿದ. ಮಾಡಲು ನಾನು ದಾರಿ ಬಿಟ್ಟಿರಲಿಲ್ಲ. ಇದನ್ನು ರಾಜಣ್ಣನಿಗೆ ಹೇಳು, ಊರಿಗೆ ಹೇಳು. ಲೈಟು ಮಾಡಿದವನ ಹೆಸರು ಹೇಳಿಯೇ ಹೇಳು.

ಈ ಸತ್ಯ ನನ್ನ ಹತ್ತಿರವೇ ಇರಲಿ ಎಂದು ಒಂದು ಗಳಿಗೆ ಅನಿಸಿತು, ಮುಚ್ಚಿಡುವುದಿಲ್ಲ. ಲೈಟು ಮಾಡಲು ಕೈಲಾಗದು ಎಂದು ಬರೆದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೀರಿ, ಅದರಲ್ಲಿ ನೀನೂ ಒಬ್ಬಳು.

ಮಂಚಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅವಳ ಗಂಡನನ್ನು ಅವಳ ಅಣ್ಣನ ಕೈಕೆಲಸ ತಿಂದಿತು. ತಿಥಿಗೆ ಯಾವ ಮುಖ ಇಟ್ಟುಕೊಂಡು ಬರಲಿ?

ರಘುನಾಥ


ಚಾಮರಾಜನಗರ
20 ಅಕ್ಟೋಬರ್ 2024

ಮಾನಸ,

ಉತ್ತರ ಕೇಳುತ್ತಿಲ್ಲ. ನಿನ್ನಿಂದ ಕಾಗದ ಬಾರದಿರುವುದೇ ಸರಿ.

ಇದರ ಜೊತೆಗಿರುವುದು ನಾಲ್ಕು ಸ್ವಿಚ್ಚು. ಹೆಬ್ಬೆರಳಿಗೆ ತಾಗುವಂತೆ ಹ್ಯಾಂಡಲಿನ ಎಡಗಡೆ ಕೂರಿಸಬೇಕು. ಪೆಟ್ಟಿಗೆಯಿಂದ ಲೈಟಿಗೆ ಹೋಗುವ ಕೆಂಪು ತಂತಿ ಕತ್ತರಿಸಿ ನಡುವೆ ಸೇರಿಸಿ. ಮೇಲೆ ಟ್ಯೂಬಿನ ಪಟ್ಟಿ ಸುತ್ತಿದರೆ ನೀರಿಳಿಯುವುದಿಲ್ಲ. ಕೆಡಬಹುದು. ಕೆಟ್ಟರೆ ಹೊಸದು ಹಾಕಿಕೊಳ್ಳಬಹುದು. ಶಶಿಕುಮಾರ ಎಂಬ ಮೆಕ್ಯಾನಿಕ್ ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಇದ್ದಾನೆ, ಅವನಿಗೆ ವಿವರವಾಗಿ ಬರೆದಿದ್ದೇನೆ. ನಾನು ಮುಟ್ಟಿದ್ದು ಬೇಡ ಎನಿಸಿದರೆ ಅವನ ಕೈಲೇ ಪೂರ್ತಿ ಹೊಸದು ಮಾಡಿಸು.

ರಘುನಾಥ


ಚೌಡನಹುಂಡಿ
16 ನವೆಂಬರ್ 2024

ರಘು ಮಾವ,

ಎರಡು ತಿಂಗಳು ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಸುಳ್ಳು ಹೇಳುವುದಿಲ್ಲ, ನಿಮ್ಮ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಒಂದು ಸ್ವಿಚ್ಚು, ಎಂದು ಗೋಡೆಗೆ ಹೇಳುತ್ತಿದ್ದೆ, ಒಂದು ಸ್ವಿಚ್ಚು ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು. ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಒಂದು ವಿಷಯ ಅದರಲ್ಲಿ ಸಿಗಲಿಲ್ಲ. ನಿಂತ ಮೇಲೂ ಉರಿಯುವ ಹಾಗೆ ಮಾಡಿ ಎಂದು ಕೇಳಿದವರು ಯಾರು ಎಂಬುದನ್ನು ನೀವು ಬರೆದೇ ಇಲ್ಲ. ಅಪ್ಪ ಕೇಳಿರಲಿಲ್ಲ. ಅವನಿಗೆ ಕತ್ತಲಿನ ಭಯವಿರಲಿಲ್ಲ, ಇದ್ದದ್ದು ನನಗೆ. ಹರಿದ ಎರಡು ಕಾಗದದಲ್ಲಿ ಅದು ಇತ್ತೇನೋ. ನೀವು ಬಿಟ್ಟದ್ದು ನನ್ನನ್ನು ಉಳಿಸಲು ಎಂದು ಗೊತ್ತಾದ ದಿನ ನಿಮ್ಮ ಮೇಲಿನ ಸಿಟ್ಟು ಹೋಗಲಿಲ್ಲ, ಅದರಲ್ಲಿ ಅರ್ಧ ನನ್ನ ಕಡೆಗೆ ತಿರುಗಿತು.

ರಾಜಣ್ಣನಿಗೆ ಹೇಳಿದೆ. ಟವಲ್ ಯಾಕೆ ತೆಗೆದ ಎಂದು ತಿಳಿದ ಮೇಲೆ ಅವನು ನಮ್ಮ ಅಂಗಳದಲ್ಲೇ ಕೂತುಬಿಟ್ಟ. "ಅಂಗಾದ್ರೆ ಅಣ್ಣ ತೆಪ್ ಮಾಡ್ನಿಲ್ಲ," ಎಂದ. "ತೆಪ್ ಮಾಡ್ನಿಲ್ಲ ಕಣವ್ವ ನಮ್ಮಣ್ಣ." ಅದನ್ನೇ ಹೇಳುತ್ತಾ ಊರೆಲ್ಲ ತಿರುಗಿದ. ಈಗ ಅಪ್ಪನನ್ನು ಯಾರೂ ಏನೂ ಅನ್ನುವುದಿಲ್ಲ. ನಿಮ್ಮನ್ನು ಅನ್ನುತ್ತಾರೆ, ನನ್ನನ್ನೂ ಅನ್ನುತ್ತಾರೆ. ಅನ್ನಲಿ ಬಿಡಿ.

ಸ್ವಿಚ್ಚುಗಳನ್ನು ನಾನೇ ಕೂರಿಸಿದೆ, ಶಶಿಕುಮಾರನ ಹತ್ತಿರ ಹೋಗಲಿಲ್ಲ. ಈಗ ಎಲ್ಲರೂ ಇಳಿಯುವ ಮೊದಲೇ ಹೆಬ್ಬೆರಳು ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಶಿವರಂಜಿನಿಗಂತೂ ಸಂಜೆ ಬೆಳಕಿನಲ್ಲಿ ಇಪ್ಪತ್ತು ಸಲ ಮಾಡಿಸಿದೆ. ತಿಥಿಗೆ ಲೈಟು ಕೊಡುವುದಿಲ್ಲ. ತಟ್ಟೆಯೇ ಕೊಡುತ್ತೇವೆ.

ಅವ್ವನಿಗೆ ಹೇಳಲು ಇಷ್ಟು ದಿನ ಬೇಕಾಯಿತು. ಮೂರು ದಿನದ ಹಿಂದೆ ರಾಗಿ ಕೇರುತ್ತಿದ್ದಳು. ನಿಮ್ಮ ಕಾಗದ ಪೂರ್ತಿ ಓದಿದೆ. ಅದರಲ್ಲಿ ಇಲ್ಲದಿದ್ದದ್ದನ್ನೂ ಓದಿದೆ, ಕೇಳಿದವಳು ನಾನು ಎಂದು. ಅವ್ವ ಮೊರ ಕೆಳಗಿಡಲಿಲ್ಲ. ಕೇರುತ್ತಲೇ ಇದ್ದಳು. ಎರಡು ದಿನ ಊಟಕ್ಕೆ ತಟ್ಟೆ ಇಡುವಳು, ಎದ್ದುಹೋಗುವಳು. ನಿನ್ನೆ ಬೆಳಿಗ್ಗೆ ಹಾಲಿನ ಕ್ಯಾನ್ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು:

"ಇರೋನು ಒಬ್ನೇ ಅಣ್ಣ. ಇರೋಳು ಒಬ್ಳೇ ಮಗ್ಳು. ನಾ ಯಾರ್ನ ಬಯ್ಯನ ಏಳಮ್ಮಿ?"

ಕ್ಯಾನಿನ ಇನ್ನೊಂದು ಕಡೆ ಹಿಡಿದುಕೊಂಡೆ. ಅವ್ವ ಅತ್ತಳು, ನಾನೂ ಅತ್ತೆ. ಇನ್ನೇನು ಮಾಡುವುದು ಮಾವ?

ಇಪ್ಪತ್ತೊಂಬತ್ತಕ್ಕೆ ನೀವು ಬರಬೇಕು. ಕ್ಷಮಿಸಿದ್ದೇವೆ ಎಂದು ಕರೆಯುತ್ತಿಲ್ಲ, ಅದು ಆಗಿದೆಯೋ ಇಲ್ಲವೋ ನಮಗೇ ಗೊತ್ತಿಲ್ಲ. ಅವ್ವನಿಗೆ ಬಯ್ಯುವುದು ಬಹಳ ಇದೆ. ಒಬ್ಬರಾದರೂ ಎದುರಿಗೆ ಕೂತು ಬಯ್ಯಿಸಿಕೊಳ್ಳದಿದ್ದರೆ ಅವಳು ಒಳಗೊಳಗೇ ಹೋಗಿಬಿಡುತ್ತಾಳೆ. ನಾವಿಬ್ಬರೂ ಜೊತೆಗೇ ಕೂರೋಣ. ನಿಮಗೆ ಕೇಳಿಸುವುದಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಅವಳು ಅಂದದ್ದನ್ನೆಲ್ಲ ನಾನು ಪಕ್ಕದಲ್ಲಿ ಕೂತು ಬರೆದು ತೋರಿಸುತ್ತೇನೆ, ನಿಮಗೆ ಅಂದದ್ದನ್ನೂ ನನಗೆ ಅಂದದ್ದನ್ನೂ. ಈ ಸಲ ಯಾರ ಪಾಲಿನದನ್ನೂ ಬಿಡುವುದಿಲ್ಲ.

ಮಾನಸ